ಅಂಗೈ ಅಳತೆ

ಅಕ್ಕಲಕೋಟೆ ದಾಟಿ ಬೋರಿ ಹೊಳೆಯ ದಂಡೆಗೆ
ನಮ್ಮ ಸಾತವ್ವತ್ತಿಯ ಇಟ್ಟಂಗಿ ಭಟ್ಟಿ.
ಉರಿ ಆರಿ ಆರು ದಿನವಾದರೂ
ಬಿಚ್ಚಗೊಡುವವಳಲ್ಲ.
ಗೋಡೆಗೆ ಒಂದು ಗೇಣು ದೂರ ಅಂಗೈ ಹಿಡಿದು
ಕಣ್ಣು ಮುಚ್ಚಿ ಮೂಲೆಯಿಂದ ಮೂಲೆಗೆ ನಡೆದು
"ಇಲ್ಲಿ ಇನ್ನಾ ಐತಿ" ಅನ್ನುವಳು.
ಏನು ಐತಿ ಎಂದು ಕೇಳಿದವರ ಕೈ ಹಿಡಿದು
ಅಲ್ಲೇ ಇಡುವಳು.

ಆ ವರ್ಷ ಫೆಬ್ರವರಿ, ನಸುಕು.
ಕಬ್ಬು ಕಡಿಯುವವರು ಕೂಗಿಕೊಂಡರು:
ಮ್ಯಾಲಿಂದ ಏನೋ ಇಳಿಯಾಕತ್ತೈತಿ!
ಕೆಂಪು ಬಿಳಿ ಛತ್ರಿ, ಅದರಡಿ ಜೀಪಿನಷ್ಟು ದೊಡ್ಡ ಪಂಜರ,
ಪಂಜರದೊಳಗೊಂದು ಗುಂಡನೆ ಕನ್ನಡಿ.
ಬಿಳಿಜೋಳದ ಹನ್ನೆರಡು ಸಾಲು ಮಲಗಿದವು.
ಪೊಲೀಸ್ ಪಾಟೀಲ ದೂರದಿಂದಲೇ ಬಾಂಬು ಎಂದ.
"ಮಾರಿ ನೋಡ್ಕೊಳ್ಳೋ ಬಾಂಬು ಎಲ್ಲೈತ್ರಿ?"
ಎಂದವನು ದಸ್ತಗೀರ ಮೋಮಿನ.

ನಾನು ಏಳನೆಯ ಇಯತ್ತೆ,
ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ.
ಪಂಜರಕ್ಕೆ ಅಂಟಿಸಿದ ಹಾಳೆಯಲ್ಲಿ ತೆಲುಗು, ಮರಾಠಿ, ಹಿಂದಿ;
ಎಲ್ಲಕ್ಕೂ ಕೆಳಗೆ, ಒತ್ತು ಬಿಟ್ಟುಹೋಗಿ:
"ಮುಟಬೇಡಿ. ಅಪಾಯವಿಲ್ಲ.
ಸುದ್ದಿ ಕೊಟ್ಟವರಿಗೆ ಬಹುಮಾನ."
ಬಸ್ಸಿನ ಬೋರ್ಡಿನಲ್ಲಿಲ್ಲದ,
ಹೊಲದ ಉತಾರೆಯಲ್ಲಿ, ರೇಶನ್ ಕಾರ್ಡಿನಲ್ಲಿಲ್ಲದ
ನನ್ನ ಅಕ್ಷರ
ಮೋಡಕ್ಕೂ ಮೇಲೆ ಒಂದು ರಾತ್ರಿ ಇದ್ದು ಬಂದಿತ್ತು.
ಗಟ್ಟಿಯಾಗಿ ಓದಿದೆ.
ಒತ್ತು ಸೇರಿಸಿ ಇನ್ನೊಮ್ಮೆ ಓದಿದೆ.

ಸಂಜೆಗೆ ಹೈದರಾಬಾದಿನ ಲಾರಿ.
ಭಾನುರೇಖಾ ಎಂಬಾಕೆ, ಎರಡು ರಾತ್ರಿ ಮಲಗದ ಕಣ್ಣು,
ಪಂಜರದ ಸುತ್ತ ಮೂರು ಸುತ್ತು ಬಂದು, ಚಹಾ ಕುಡಿದು,
ಹಿಂದಿಯಲ್ಲಿ ಹೇಳಿದ್ದನ್ನು
ದಸ್ತಗೀರ ನಮ್ಮ ಮಾತಿಗೆ ತಿರುವಿದ:
ಇದು ಚಿಕ್ಕಿ ನೋಡಾಕ ಹೋಗಿದ್ದಲ್ಲಂತ,
ಚಿಕ್ಕಿ ಚಿಕ್ಕಿ ನಡುವ
ನಾವು ಖಾಲಿ ಅಂತೀವಲ್ಲ, ಆ ಜಾಗ ನೋಡಾಕಂತ.
ಆಕಾಶಗಂಗೆಯ ಉದ್ದಕ್ಕೂ ಧೂಳು,
ಧೂಳಿಗಿಂತ ತೆಳ್ಳನೆಯ ಅನಿಲ;
ಹಿಮಕ್ಕಿಂತ ಎಷ್ಟೋ ತಣ್ಣಗೆ,
ಆದರೂ ಪೂರಾ ತಣ್ಣಗಾಗದ್ದು.
ಚಿಕ್ಕೆಗಳ ಬೆಳಕು ಕುಡಿದ ಧೂಳು
ಕಾವು ಮಾಡಿ ಹೊರಗೆ ಬಿಡುತ್ತದೆ.
ಎಲೆಕ್ಟ್ರಾನೊಂದ ಕಳೆದುಕೊಂಡ ಇಂಗಾಲ
(ನಿಮ್ಮ ಇದ್ದಿಲಿನದೇ ಕುಲ, ಎಂದು ನಕ್ಕಳು)
ಎರಡು ಕೂದಲೆಳೆ ದಪ್ಪದಷ್ಟು ಅಲೆಯಲ್ಲಿ
ಉಸಿರಾಡುತ್ತದೆ.
ಕಣ್ಣಿಗೆ ಸಿಗದು. ನೆಲಕ್ಕೂ ಮುಟ್ಟದು:
ಗಾಳಿಯ ತೇವ ದಾರಿಯಲ್ಲೇ ನುಂಗುತ್ತದೆ.
ಅದಕ್ಕೇ ಮೂವತ್ತು ಕಿಲೋಮೀಟರು ಮೇಲೆ ಏರಿ,
ಕನ್ನಡಿ ಹಿಡಿದು ಕೂತದ್ದು.

ಸಾತವ್ವತ್ತಿ ಕೇಳಿದ್ದು ಒಂದೇ:
"ಎಷ್ಟು ದಿನದ ಹಿಂದ ಆರಿದ ಉರಿ ಅದು?"
ಭಾನುರೇಖಾ ತುಸು ಹೊತ್ತು ಸುಮ್ಮನಿದ್ದಳು.
ಎಲ್ಲಾ ಆರಿದ್ದಲ್ಲ ಅವ್ವಾ.
ಬಹಳಷ್ಟು
ಇನ್ನೂ ಹೊತ್ತಿಯೇ ಇಲ್ಲ.

ಎರಡು ವರ್ಷ ಬಿಟ್ಟು ಅಂಚೆಯಲ್ಲಿ ಒಂದು ನಕಾಶೆ ಬಂತು.
ಬೆರಳಚ್ಚಿನ ಹಾಗೆ ಗೆರೆಯೊಳಗೆ ಗೆರೆ.
ಅತ್ತಿಗೆ ಓದು ಬಾರದು.
ಕಟ್ಟೆಯ ಮೇಲೆ ಹರವಿ, ಒಂದು ಗೇಣು ಮೇಲೆ ಅಂಗೈ ಹಿಡಿದು
ನಡೆಸಿಕೊಂಡು ಹೋದಳು.
ಗೆರೆ ಒತ್ತಾದಲ್ಲಿ, "ಇಲ್ಲಿ ಕಾದೈತಿ".
ಗೆರೆ ಚದುರಿದಲ್ಲಿ, "ಇಲ್ಲೂ ಐತಿ, ಸಣ್ಣಗ".
ಅಂಚಿನಲ್ಲಿ ಒಂದು ಬಿಳಿಪಟ್ಟಿ, ಗೆರೆಯೇ ಇಲ್ಲ.
ಕೈ ಅಲ್ಲಿ ನಿಂತಿತು.
ನಾನು ಕಾಗದ ಓದಿದೆ: ಇದು ತಂಪು ಜಾಗವಲ್ಲ,
ಇದರ ಸರದಿ ಬರುವಷ್ಟರಲ್ಲಿ ಬೆಳಗಾಯಿತು.
"ಹಂಗನ್ನು ಮತ್ತ," ಎಂದಳು.
"ಇಲ್ಲಿ ಕೈ ಇಟ್ಟಿಲ್ಲ ಅವರು."

ಪಂಜರವನ್ನು ಅವರು ಒಯ್ದರು.
ಜೋಳದ ಹನ್ನೆರಡು ಸಾಲಿಗೆ ರೊಕ್ಕ ಕೊಟ್ಟರು.
ಬಹುಮಾನ ಪೊಲೀಸ್ ಪಾಟೀಲನಿಗೆ ಹೋಯಿತು.
ಎರಡು ಹರದಾರಿ ಆಚೆ ಬಿದ್ದ ಬಲೂನಿನ ತೊಗಲನ್ನು
ಯಾರೂ ಕೇಳಲಿಲ್ಲ;
ಗಾಡಿಗೆ ಹೇರಿ ತಂದೆವು.
ಅಕಾಲದ ಮಳೆಗೆ ಹಸಿ ಇಟ್ಟಂಗಿಯ ಮೇಲೆ
ಈಗಲೂ ಅದನ್ನೇ ಹೊದಿಸುತ್ತೇವೆ.
ಬೆಳಿಗ್ಗೆ ಎತ್ತಿದರೆ ಒಳಮೈಗೆಲ್ಲ
ಸಣ್ಣ ಸಣ್ಣ ಹನಿ,
ಅದು ದಾಟಿ ಹೋಗಿದ್ದ ಅದೇ ತೇವ.